ಮನೆಯ ಕರೆಂಟಿಗೆ ನೀವೇ ಅಂಕ ಹಾಕುವುದು ಹೇಗೆ: ಹಳೇ ಮೀಟರ್ ರೀಡರನೊಬ್ಬನ ಲೆಕ್ಕ

ಹಾಸನದ ಬೀದಿಗಳಲ್ಲಿ 27 ವರ್ಷ ಮೀಟರ್ ಓದಿದವನು ನಾನು. ಕೆಲಸಕ್ಕೆ ಸೇರಿದಾಗ ಕೆಇಬಿ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, ಆಮೇಲೆ ನಮ್ಮ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲಿಗೆ ಬಂತು. ಬೋರ್ಡು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಬದಲಾಗಲಿಲ್ಲ. "ಕೆಇಬಿಯವ್ರು ಬಂದ್ರು, ನಾಯಿ ಕಟ್ರೋ" ಅನ್ನೋ ಕೂಗು ನಿವೃತ್ತಿಯ ದಿನದವರೆಗೂ ಕೇಳಿದ್ದೇನೆ.

ಆ ಕೆಲಸದಲ್ಲಿ ನನ್ನ ತಲೆಗೆ ಹತ್ತಿದ ಹುಳ ಒಂದೇ. ಸಾಲಗಾಮೆ ರಸ್ತೆಯ ಕಡೆ ಒಂದು ಬೀದಿಯಲ್ಲಿ ಅಕ್ಕಪಕ್ಕ ಎರಡು ಮನೆ. ಸೈಟು ಎರಡೂ ಮೂವತ್ತು ನಲವತ್ತು, ಕಟ್ಟಿದ ಮೇಸ್ತ್ರಿ ಒಬ್ಬನೇ, ಪ್ಲಾನೂ ಒಂದೇ. ಒಂದು ಮನೆಗೆ ತಿಂಗಳಿಗೆ 85 ಯೂನಿಟ್ ಆಸುಪಾಸು, ಪಕ್ಕದ್ದಕ್ಕೆ 230. ಇಬ್ಬರೂ ನನ್ನನ್ನೇ ಕೇಳುತ್ತಿದ್ದರು. 85ರವರು "ಜಾಸ್ತಿ ಬಂದಿದೆ, ಮೀಟರ್ ಓಡ್ತಾ ಇದೆ" ಅಂತ ಜಗಳಕ್ಕೆ ಬರುತ್ತಿದ್ದರೆ, 230ರವರು ಬಿಲ್ ನೋಡದೆ ಮಡಚಿ ಜೇಬಿಗಿಡುತ್ತಿದ್ದರು. ಯಾವುದು ಮನೆಯ ದೋಷ, ಯಾವುದು ಮನೆಯವರ ದೋಷ ಅಂತ ಬೇರೆ ಮಾಡಿ ಹೇಳುವ ದಾರಿ ಆಗ ನನಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಮಗಳು. ಅವಳೂ ಅಳಿಯನೂ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬಾಡಿಗೆ ಮನೆ ಹಿಡಿದರು. "ಅಪ್ಪಾ, ಇಲ್ಲಿ ಫ್ರಿಜ್ಜಿಗೆ ಅಂಟಿಸಿರ್ತಾರಲ್ಲ, ಹಾಗೆ ಮನೆಗೇ ಒಂದು ಚೀಟಿ ಇದೆ" ಅಂತ ಫೋಟೋ ಕಳಿಸಿದಳು. ಹಸಿರಿನಿಂದ ಕೆಂಪಿಗೆ ಇಳಿಯುವ ಪಟ್ಟಿ, ಅವಳ ಮನೆಗೆ 'ಸಿ'. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಈ ಚೀಟಿ ತೋರಿಸಲೇಬೇಕು. ಯುರೋಪ್ ಒಕ್ಕೂಟ 2002ರ ನಿರ್ದೇಶನದಲ್ಲಿ ಇದನ್ನು ತಂತು. ಒಮ್ಮೆ ಕೊಟ್ಟ ಪ್ರಮಾಣಪತ್ರ ಹೆಚ್ಚೆಂದರೆ 10 ವರ್ಷ ನಡೆಯುತ್ತದೆ. ಅವರಲ್ಲಿ 'ಸಿ' ಅಂದರೆ ವರ್ಷಕ್ಕೆ ಚದರ ಮೀಟರಿಗೆ 190ರಿಂದ 250 ಯೂನಿಟ್ಟಿನಷ್ಟು ಇಂಧನ.

ನಾನು ಮಾಡಿದ್ದು ಅದರದೇ ಒಂದು ನಾಟಿ ರೂಪ. ನಮ್ಮ ಮನೆಗೆ ಮಾಡಿದೆ, ಆಮೇಲೆ ಚಿಕ್ಕಮಗಳೂರು ಆಲ್ದೂರಿನ ಹತ್ತಿರ ಷಡ್ಡಕನ ಹೋಂಸ್ಟೇಗೆ ಮಾಡಿದೆ. ಒಂದು ಭಾನುವಾರ, ಒಂದು ಟೇಪು, ಒಂದು ನೋಟ್‌ಬುಕ್ ಸಾಕು.

ಮೊದಲು 12 ತಿಂಗಳ ಬಿಲ್ಲು

ಒಂದು ತಿಂಗಳ ಬಿಲ್ ಹಿಡಿದು ಯಾವ ತೀರ್ಮಾನಕ್ಕೂ ಬರಬೇಡಿ. ಹಾಸನದ ಮನೆಗಳಲ್ಲಿ ದೀಪಾವಳಿ ಆಸುಪಾಸಿನ ಬಿಲ್ಲು ನೋಡಿದರೆ ಅದರಲ್ಲಿ ಹಾಸನಾಂಬೆ ಕಾಣುತ್ತಾಳೆ. ವರ್ಷಕ್ಕೊಮ್ಮೆ ಗುಡಿಯ ಬಾಗಿಲು ತೆರೆಯುವ ಆ ದಿನಗಳಲ್ಲಿ ನೆಂಟರಿಷ್ಟರೆಲ್ಲ ದರ್ಶನಕ್ಕೆ ಬಂದು ನಮ್ಮಲ್ಲೇ ಇಳಿಯುತ್ತಾರೆ, ಗೀಸರ್ ಬೆಳಗಿನ ನಾಲ್ಕಕ್ಕೇ ಶುರು. ಅಂಥ ತಿಂಗಳೂ ಬೇಕು, ಬೇಸಿಗೆ ರಜೆಗೆ ಊರಿಗೆ ಹೋಗಿ ಬಾಗಿಲು ಹಾಕಿದ ತಿಂಗಳೂ ಬೇಕು.

ಗೃಹಜ್ಯೋತಿ ಬಂದ ಮೇಲೆ ಬಿಲ್ ಕಾಗದ ಇಟ್ಟುಕೊಳ್ಳುವವರೇ ಕಮ್ಮಿ. ಕಟ್ಟಬೇಕಾದ್ದು ಸೊನ್ನೆ ಇದ್ದರೂ ಬಿಲ್ಲಿನಲ್ಲಿ ಬಳಸಿದ ಯೂನಿಟ್ ಅಚ್ಚಾಗಿರುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಅದೇ, ರೂಪಾಯಿ ಅಲ್ಲ. ರೂಪಾಯಿ ದರ ಬದಲಾದ ಹಾಗೆ ಕುಣಿಯುತ್ತದೆ. ಕಾಗದ ಬಿಸಾಡಿದ್ದರೆ ಇವತ್ತಿನಿಂದ ಪ್ರತಿ ತಿಂಗಳು ಒಂದೇ ತಾರೀಖಿಗೆ ಮೀಟರ್ ನೋಡಿ ಬರೆಯಿರಿ. ಪರದೆಯಲ್ಲಿ ಒಂದಾದ ಮೇಲೊಂದು ಸಂಖ್ಯೆ ಬಂದು ಹೋಗುತ್ತವೆ: ತಾರೀಖು, ಸಮಯ, ವೋಲ್ಟೇಜು. ಪಕ್ಕದಲ್ಲಿ 'ಕೆಡಬ್ಲ್ಯುಎಚ್' ಎಂದು ಬಂದಾಗ ಇರುವುದೇ ಯೂನಿಟ್. ತಾರೀಖನ್ನು ಯೂನಿಟ್ ಅಂದುಕೊಂಡು ನನ್ನ ಜೊತೆ ವಾದಕ್ಕಿಳಿದವರು ಒಬ್ಬಿಬ್ಬರಲ್ಲ.

ಮನೆಯ ಅಳತೆ ಆಮೇಲೆ. ನಮ್ಮ ಕಡೆ ಮೇಸ್ತ್ರಿಗಳು 'ಚದರ'ದಲ್ಲಿ ಮಾತಾಡುತ್ತಾರೆ. ಒಂದು ಚದರ ಅಂದರೆ 100 ಚದರ ಅಡಿ. ಸರ್ಕಾರಿ ಲೆಕ್ಕವೆಲ್ಲ ಚದರ ಮೀಟರ್. ಇವೆರಡನ್ನು ಕಲಸಿಕೊಂಡರೆ ಉತ್ತರ ಎಲ್ಲಿಗೋ ಹೋಗುತ್ತದೆ. ಒಂದು ಚದರಕ್ಕೆ 9.29 ಚದರ ಮೀಟರ್ ಅಂತ ಹಿಡಿಯಿರಿ. ಕಾರು, ಸ್ಕೂಟರ್ ನಿಲ್ಲಿಸುವ ಜಾಗ ಬಿಟ್ಟುಬಿಡಿ. ನಮ್ಮದು ಒಂಬತ್ತು ಚದರದ ಮನೆ, ಅಂದರೆ 83.6 ಚದರ ಮೀಟರ್. ಹೋದ ವರ್ಷದ ಒಟ್ಟು 1,560 ಯೂನಿಟ್. ಭಾಗಿಸಿದರೆ 18.7.

ಈ 18.7ಕ್ಕೆ ತಾಂತ್ರಿಕರು ಇಡುವ ಹೆಸರು ಇಪಿಐ, ಇಂಧನ ಸೂಚ್ಯಂಕ. ದೆಹಲಿಯ ಇಂಧನ ದಕ್ಷತಾ ಬ್ಯೂರೊ, ಅದೇ ಫ್ರಿಜ್ಜಿಗೆ ನಕ್ಷತ್ರ ಕೊಡುವ ಬಿಇಇ, 2009ರಿಂದ ಕಚೇರಿ ಕಟ್ಟಡಗಳಿಗೂ ನಕ್ಷತ್ರ ಕೊಡುತ್ತಿರುವುದು ಇದೇ ಭಾಗಾಕಾರದ ಮೇಲೆ. ಆಗಿನ ಪಟ್ಟಿಯಲ್ಲಿ ಕರಾವಳಿಯಂಥ ಬಿಸಿ ಮತ್ತು ತೇವದ ವಲಯದ ಕಚೇರಿ, ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ಎಸಿ ಇದ್ದರೆ, 85ರಿಂದ 75ರೊಳಗೆ ಒಂದು ನಕ್ಷತ್ರ; 45ಕ್ಕಿಂತ ಕೆಳಗಿಳಿದರೆ ಐದು. ನನ್ನ 18.7 ನೋಡಿ ಅಳಿಯ ಫೋನಿನಲ್ಲಿ, "ಮಾವ, ನಿಮ್ಮದು ಎ ಪ್ಲಸ್ ಪ್ಲಸ್" ಅಂದ. ಹಿಗ್ಗಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಅವರದು ಆರು ತಿಂಗಳು ಮನೆ ಬಿಸಿ ಮಾಡಿಕೊಳ್ಳುವ ದೇಶ. ಮೇಲಾಗಿ ಅವರು ಎಣಿಸುವುದು ಮೀಟರಿನ ಯೂನಿಟ್ ಅಲ್ಲ, ಆ ಯೂನಿಟ್ ಮನೆ ಬಾಗಿಲಿಗೆ ಬರುವ ಮೊದಲು ಎಲ್ಲೋ ಸುಟ್ಟ ಮೂಲ ಇಂಧನ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಮೂರು ಯೂನಿಟ್ಟಿನಷ್ಟು ಶಾಖ ಅಲ್ಲಿ ಉರಿದಿರುತ್ತದೆ. ನನ್ನ ಸಂಖ್ಯೆಯನ್ನು ಮಗಳ ಮನೆಯ ಚೀಟಿಯ ಪಕ್ಕ ಇಟ್ಟರೆ ಕಾಫಿ ತೂಕವನ್ನು ಮೆಣಸಿನ ತೂಕದ ಪಕ್ಕ ಇಟ್ಟ ಹಾಗೆ.

ಇನ್ನೊಂದು ಮರೆತಿದ್ದೆ. ನೆನಪಿಸಿದ್ದು ಹೆಂಡತಿ. "ರೀ, ಸಿಲಿಂಡರ್ ಯಾರ ಲೆಕ್ಕಕ್ಕೆ?" 14.2 ಕೆಜಿಯ ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖ ಇದೆ. ನಮ್ಮ ಮನೆಗೆ ವರ್ಷಕ್ಕೆ 9. ಅಂದರೆ 1,620. ಇಡೀ ಮನೆಯ ಕರೆಂಟನ್ನು ಅಡುಗೆ ಒಲೆ ಒಂದೇ ಮೀರಿಸಿತು! ಬಿಇಇ ನಕ್ಷತ್ರದ ಲೆಕ್ಕಕ್ಕೆ ಖರೀದಿಸಿದ ಕರೆಂಟು, ಜನರೇಟರಿನ ಕರೆಂಟು ಸಾಕು. ನೀವು ಮಾತ್ರ ಗ್ಯಾಸಿಗೊಂದು ಬೇರೆ ಸಾಲು ಹಾಕಿ. ಬಚ್ಚಲ ಒಲೆಗೆ ಸೌದೆ ಉರಿಸುವವರು ಒಣ ಸೌದೆಗೆ ಕೆಜಿಗೆ 4 ಯೂನಿಟ್ ಅಂತ ಅಂದಾಜು ಬರೆದುಕೊಳ್ಳಿ.

ಮೀಟರಿನ ಕೆಂಪು ದೀಪ ಎಣಿಸುವುದು

ಇದು ನನ್ನ ಸ್ವಂತ ಕಸುಬಿನ ವಿಷಯ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ದೊಡ್ಡ ದೊಡ್ಡ ಆಡಿಟ್‌ಗೆ ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಿ.

ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ 3200 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಅರ್ಥ. ಮೀಟರಿಗೊಂದು ಸಂಖ್ಯೆ, ನಿಮ್ಮದನ್ನು ನೋಡಿಕೊಳ್ಳಿ. ಈಗ ಒಂದು ಮಿಟುಕಿಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹಿಡಿಯಿರಿ. 36 ಲಕ್ಷವನ್ನು ಮೀಟರಿನ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸೆಕೆಂಡಿನಿಂದ ಭಾಗಿಸಿ. ಆ ಕ್ಷಣ ಮನೆ ಎಳೆಯುತ್ತಿರುವ ವ್ಯಾಟ್ ಸಿಕ್ಕಿತು. 3200ರ ಮೀಟರಿಗೆ ಇದು ಬಲು ಸುಲಭ: 1125ನ್ನು ಸೆಕೆಂಡಿನಿಂದ ಭಾಗಿಸಿದರಾಯಿತು.

ಗೀಸರ್ ಹಾಕಿದಾಗ ದೀಪ ಓಡುತ್ತದೆ, ಒಂದೊಂದಾಗಿ ಹಿಡಿಯಲು ಆಗುವುದಿಲ್ಲ. ಆಗ ಹತ್ತು ಮಿಟುಕು ಎಣಿಸಿ ಹತ್ತರಿಂದ ಭಾಗಿಸಿ. ನಮ್ಮದು ಹತ್ತಕ್ಕೆ 5.6 ಸೆಕೆಂಡು ಬಂತು, ಅಂದರೆ 2,000 ವ್ಯಾಟ್. ಗೀಸರ್ ಮೇಲೆ ಬರೆದಿದ್ದೂ ಅದೇ. ಮೀಟರ್ ಸರಿ ಇದೆಯೋ ಇಲ್ಲವೋ ಅನ್ನುವ ಅನುಮಾನಕ್ಕೂ ಇದು ಒಂದು ಮಟ್ಟದ ಉತ್ತರ.

ನಿಜವಾದ ಪರೀಕ್ಷೆ ರಾತ್ರಿ. ಹತ್ತೂವರೆಗೆ ಎಲ್ಲ ದೀಪ, ಫ್ಯಾನು, ಟಿವಿ ಆರಿಸಿ. ಫ್ರಿಜ್ಜಿನ ಪ್ಲಗ್ಗನ್ನೂ ಹತ್ತು ನಿಮಿಷ ತೆಗೆಯಿರಿ. ಮೇನ್ ಸ್ವಿಚ್ ಮಾತ್ರ ಹಾಗೇ ಇರಲಿ. ಮನೆ ಮಲಗಿದೆ ಅಂತ ನಾವು ಅಂದುಕೊಂಡಿರುತ್ತೇವೆ. ನಾನು ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತಾಗ ಹೆಂಡತಿ ಕಿಟಕಿಯಿಂದ, "ರಿಟೈರ್ ಆಗಿ ಎರಡು ವರ್ಷ ಆಯ್ತು, ಸ್ವಂತ ಮನೆಗೂ ಬಿಲ್ ಕೊಡ್ತೀರಾ?" ಅಂದಳು. 30 ಸೆಕೆಂಡಿಗೊಂದು ಮಿಟುಕು. 37.5 ವ್ಯಾಟ್. ಸಣ್ಣದು ಅನಿಸುತ್ತದೆ, ಆದರೆ ಇದು ದಿನಕ್ಕೆ 24 ತಾಸು, ತಿಂಗಳಿಗೆ 27 ಯೂನಿಟ್. ತಿಂಗಳಿಗೆ 130ರ ಮನೆಯಲ್ಲಿ ಐದರಲ್ಲೊಂದು ಪಾಲು ಯಾರೂ ಬಳಸದೆ ಹೋಗುತ್ತಿತ್ತು. ಒಂದೊಂದೇ ಪ್ಲಗ್ ತೆಗೆಯುತ್ತಾ ಬಂದೆ. ಸೆಟ್‌ಟಾಪ್ ಬಾಕ್ಸು, ವೈಫೈ ಡಬ್ಬಿ, ಯುಪಿಎಸ್, ನೀರು ತುಂಬಿದಾಗ ಪಂಪು ತಾನೇ ನಿಲ್ಲುವ ಪೆಟ್ಟಿಗೆ. ಎಲ್ಲಕ್ಕಿಂತ ಹೆಚ್ಚು ಎಳೆಯುತ್ತಿದ್ದುದು ಯುಪಿಎಸ್ಸಿನ ಹಳೇ ಬ್ಯಾಟರಿ. ತುಂಬಿಯೂ ತುಂಬದೆ ಹೀರುತ್ತಲೇ ಇತ್ತು.

ಎಲ್ಲವನ್ನೂ ತೆಗೆದ ಮೇಲೂ ದೀಪ ಮಿಟುಕಿದರೆ ಅದು ಬೇರೆ ಸಮಾಚಾರ: ಗೋಡೆಯೊಳಗೆ ಎಲ್ಲೋ ಸೋರಿಕೆ, ಇಲ್ಲವೇ ಪಕ್ಕದ ಬಾಡಿಗೆ ಮನೆಯ ವೈರು ನಿಮ್ಮ ಮೀಟರಿಗೆ ಸೇರಿದೆ. ಎರಡನ್ನೂ ಕಂಡಿದ್ದೇನೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ, ನೀವೇ ಪೆಟ್ಟಿಗೆ ಬಿಚ್ಚಬೇಡಿ. ಮೀಟರಿನ ಸೀಲು ಮುಟ್ಟುವುದಂತೂ ಅಪರಾಧ.

ಬಿಸಿನೀರಿಗೆ ಪ್ರತ್ಯೇಕ ಲೆಕ್ಕ ಬೇಕು, ಯಾಕೆಂದರೆ ನಮ್ಮ ಚಳಿ ಸೀಮೆಯಲ್ಲಿ ಕರೆಂಟ್ ತಿನ್ನುವುದು ಎಸಿ ಅಲ್ಲ, ಬಚ್ಚಲು. 20 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಏರಿಸಲು ಅರ್ಧ ಯೂನಿಟ್ಟಿಗಿಂತ ಚೂರು ಹೆಚ್ಚು ಬೇಕು. "ಬಕೆಟ್ಟಿಗೆ ಅರ್ಧ ಯೂನಿಟ್" ಅಂತ ನೆನಪಿಟ್ಟುಕೊಳ್ಳಿ. ಮೂರು ಜನ, ದಿನಕ್ಕೊಂದೊಂದು ಬಕೆಟ್, ತಿಂಗಳಿಗೆ 48 ಯೂನಿಟ್. ಫ್ರಿಜ್ಜಿಗೆ 22. ಮಲಗಿದ ಮನೆಗೆ 27. ಉಳಿದ 33ರಲ್ಲಿ ದೀಪ, ಫ್ಯಾನು, ಟಿವಿ, ಮಿಕ್ಸಿ, ಮೋಟರ್. ದೀಪ ಆರಿಸಿ ದೀಪ ಆರಿಸಿ ಅಂತ ಮಕ್ಕಳನ್ನು ಬೈದುಕೊಂಡು ಬಂದ ವರ್ಷಗಳೆಲ್ಲ ನೆನಪಾದವು. 9 ವ್ಯಾಟಿನ ಎಲ್‌ಇಡಿ ಇಡೀ ರಾತ್ರಿ ಉರಿದರೂ ಮೂರ್ನಾಲ್ಕು ಲೀಟರ್ ಬಿಸಿನೀರಿಗೆ ಸಮ.

ಗೋಡೆ, ತಾರಸಿ, ಕಿಟಕಿ

ಇಲ್ಲಿಯವರೆಗೆ ಹೇಳಿದ್ದು ಮನೆಯವರ ಗುಣ. ಒಂಟಿ ಅಜ್ಜಿ ಒಂದು ದೀಪ ಹಚ್ಚಿಕೊಂಡು ಬದುಕಿದರೆ ಎಂಥ ಕೆಟ್ಟ ಕಟ್ಟಡಕ್ಕೂ ಮೀಟರ್ ಒಳ್ಳೇ ಅಂಕ ಕೊಡುತ್ತದೆ. ಕಟ್ಟಡದ ಗುಣಕ್ಕೆ ಬೇರೆ ಪರೀಕ್ಷೆ ಇದೆ. ಮಗಳ ಮನೆಯ 'ಸಿ' ಅಂಥದ್ದು: ಅವರು ಎಷ್ಟು ಉರಿಸುತ್ತಾರೆ ಅಂತ ಯಾರೂ ನೋಡಲಿಲ್ಲ, ಗೋಡೆ, ಗಾಜು, ಬಾಯ್ಲರ್ ನೋಡಿ ಲೆಕ್ಕ ಕಟ್ಟಿದರು.

ನಮ್ಮಲ್ಲಿ ವಾಸದ ಮನೆಗೆ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಅನ್ನುವ ಇಂಧನ ಉಳಿತಾಯದ ಕಟ್ಟಡ ನಿಯಮಾವಳಿ ಬಂತು. ಆಗ ಅದು ಉದ್ದೇಶಿಸಿದ್ದು 500 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ನಿವೇಶನದ ಕಟ್ಟಡಗಳನ್ನು. ಮೂವತ್ತು ನಲವತ್ತರ ಸೈಟು 111 ಚದರ ಮೀಟರ್ ಅಷ್ಟೇ, ನಮ್ಮನ್ನು ಯಾರೂ ಕೇಳುವುದಿಲ್ಲ. ಆದರೂ ಅದರ ಅಳತೆಗೋಲು ಎರವಲು ಪಡೆಯಬಹುದು. ಅದರಲ್ಲಿ ಬೆಂಗಳೂರು ಸಮಶೀತೋಷ್ಣ ವಲಯ. ಹಾಸನಕ್ಕೆ ನಾನು ಅದನ್ನೇ ಹಿಡಿದೆ.

ಗೋಡೆ ಮತ್ತು ಗಾಜಿನ ಮೂಲಕ ಒಳಗೆ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟಿನ ಮಿತಿ ಇದೆ, ಅದರ ಸೂತ್ರ ಉದ್ದ, ಎಂಜಿನಿಯರಿಗೆ ಬಿಡಿ. ತಾರಸಿಗೆ ಮಿತಿ 1.2. ಇದು ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ಇಳಿಯುತ್ತದೆ ಅನ್ನುವ ಲೆಕ್ಕ. ನಾವು ಊರ ತುಂಬ ಹಾಕಿಕೊಂಡಿರುವ ಬರೀ ಆರ್‌ಸಿಸಿ ಮೋಲ್ಡು 3 ದಾಟುತ್ತದೆ. ಅಂದರೆ ಫೇಲು. ಸೂತ್ರ ಬೇಡದವರು ಏಪ್ರಿಲ್ ತಿಂಗಳ ರಾತ್ರಿ ಒಂಬತ್ತಕ್ಕೆ ಮಂಚದ ಮೇಲೆ ನಿಂತು ಚಾವಣಿಗೆ ಅಂಗೈ ಇಟ್ಟು ನೋಡಿ, ಹೊರಗೆ ತಣ್ಣಗೆ ಗಾಳಿ ಬೀಸುತ್ತಿದ್ದರೂ ಒಳಗೆ ದೋಸೆ ಕಾವಲಿ ಆರುತ್ತಿರುವ ಹಾಗೆ ಇರುತ್ತದೆ. ಮೋಲ್ಡಿನ ಮೇಲೆ ಒಂದಿಂಚು ಗಟ್ಟಿ ಶಾಖನಿರೋಧಕ ಹಲಗೆ ಹಾಸಿ ಮೇಲೆ ಕಾಂಕ್ರೀಟ್ ಮುಚ್ಚಿದರೆ 1.2ರ ಒಳಕ್ಕೆ ಬರುತ್ತದೆ. ನೀರಿನ ಸೋರಿಕೆ ಮೊದಲು ನಿಲ್ಲಿಸಿಕೊಳ್ಳಬೇಕು, ಇಲ್ಲದಿದ್ದರೆ ಹಲಗೆಯ ಕೆಳಗೆ ನೀರು ನಿಂತು ಇನ್ನೊಂದು ರಗಳೆ. ಹೊಸದಾಗಿ ಗೋಡೆ ಕಟ್ಟುವವರಿಗೆ ಒಂದು ಮಾತು: ಗಟ್ಟಿ ಸಿಮೆಂಟ್ ಇಟ್ಟಿಗೆಗಿಂತ ಒಂಬತ್ತಿಂಚಿನ ಸುಟ್ಟಿಟ್ಟಿಗೆ ಮೇಲು, ಅದಕ್ಕಿಂತ ಹಗುರ ಎಎಸಿ ಬ್ಲಾಕ್ ಇನ್ನೂ ಮೇಲು.

ಕಿಟಕಿಯ ವಿಷಯದಲ್ಲಿ ನಾನೇ ಮೋಸ ಹೋದೆ. ಸಂಹಿತೆಯ ಪ್ರಕಾರ ಈ ವಲಯದಲ್ಲಿ ತೆರೆಯಲು ಬರುವ ಕಿಟಕಿಯ ಜಾಗ ಒಳನೆಲದ ಶೇ. 12.5 ಇರಬೇಕು. ನಮ್ಮ ಒಳನೆಲ 66.9 ಚದರ ಮೀಟರ್, ಹಾಗಾಗಿ 8.4 ಬೇಕು. ಕೆಳಗಿನ ಮುಂಬಾಗಿಲು, ಹಿತ್ತಿಲ ಬಾಗಿಲು ಲೆಕ್ಕಕ್ಕಿಲ್ಲ. ನಾಲ್ಕಡಿ ನಾಲ್ಕಡಿಯ ಏಳು ಕಿಟಕಿ, ಎಲ್ಲ ಮರದ ಬಾಗಿಲಿನವು, ಪೂರ್ತಿ ತೆರೆಯುವಂಥವು. ಅಂಥ ಕಿಟಕಿಗೆ ಶೇ. 90 ಹಿಡಿಯುತ್ತಾರೆ, ಒಟ್ಟು 9.4. ಪಾಸಾಗಿದ್ದ ಮನೆ. ಐದು ವರ್ಷದ ಹಿಂದೆ ಗೆದ್ದಲು ಹಿಡಿಯಿತು ಅಂತ ನಾಲ್ಕನ್ನು ಕೀಳಿಸಿ ಬಿಳೀ ಯುಪಿವಿಸಿ ಸ್ಲೈಡಿಂಗ್ ಹಾಕಿಸಿದೆ. ನೋಡಲು ಚೆನ್ನ. ಸ್ಲೈಡಿಂಗ್ ಎಷ್ಟು ಎಳೆದರೂ ಅರ್ಧವೇ ತೆರೆಯುವುದು. ಈಗ ಒಟ್ಟು 7.0. ದುಡ್ಡು ಕೊಟ್ಟು ಫೇಲಾದ ಹಾಗಾಯಿತು. ಆ ಬೇಸಿಗೆಯಿಂದಲೇ ಮಲಗುವ ಕೋಣೆಗೆ ಎರಡನೇ ಫ್ಯಾನ್ ಬೇಕಾಗಿದ್ದು ಯಾಕೆ ಅಂತ ಟೇಪು ಹಿಡಿದ ಮೇಲೆ ಗೊತ್ತಾಯಿತು.

'ಸ್ಮಾರ್ಟ್' ಅಂಕ

ಅಳಿಯನಿಗೆ ಇದರ ಮೇಲೆ ಪ್ರೀತಿ. ಯುರೋಪಿನಲ್ಲಿ ಇಂಧನ ಚೀಟಿಯ ಜೊತೆಗೆ ಕಟ್ಟಡ ಎಷ್ಟು ಜಾಣ ಅಂತ ಅಳೆಯುವ ಇನ್ನೊಂದು ಸೂಚ್ಯಂಕ ಇದೆ, ಎಸ್‌ಆರ್‌ಐ. 2018ರ ತಿದ್ದುಪಡಿಯಲ್ಲಿ ಹುಟ್ಟಿ 2020ರಲ್ಲಿ ನಿಯಮ ಆಯಿತು. ನಮ್ಮಲ್ಲಿ ತಾರಸಿಯ ಬಿಳಿ ಬಣ್ಣ ಮಾರುವವರೂ ಎಸ್‌ಆರ್‌ಐ ಅನ್ನುತ್ತಾರೆ. ಅದು ಬಿಸಿಲನ್ನು ಎಷ್ಟು ಹಿಂದಕ್ಕೆ ಎಸೆಯುತ್ತದೆ ಅನ್ನುವ ಸಂಖ್ಯೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅವರು ಒಂಬತ್ತು ಬಾಬತ್ತು ನೋಡುತ್ತಾರೆ: ಮನೆ ಬಿಸಿ ಮಾಡುವುದು, ತಂಪು ಮಾಡುವುದು, ಬಿಸಿನೀರು, ಗಾಳಿಯಾಟ, ದೀಪ, ತಾನೇ ಹೊಂದಿಕೊಳ್ಳುವ ಕಿಟಕಿ-ಪರದೆ, ಕರೆಂಟು ತಯಾರಿ ಮತ್ತು ಸಂಗ್ರಹ, ಗಾಡಿ ಚಾರ್ಜಿಂಗು, ಎಲ್ಲದರ ಮೇಲೆ ಕಣ್ಣಿಡುವ ವ್ಯವಸ್ಥೆ. ಒಂದೊಂದು ಸೇವೆಗೂ ಸೊನ್ನೆಯಿಂದ ಹೆಚ್ಚೆಂದರೆ 4ರವರೆಗೆ ಮೆಟ್ಟಿಲು. ಸರಳ ವಿಧಾನದಲ್ಲಿ 27 ಸೇವೆ, ವಿಸ್ತಾರದ್ದರಲ್ಲಿ 54. ಕೊನೆಗೆ ಶೇಕಡಾ ಅಂಕ, ಏಳು ದರ್ಜೆ. 20ಕ್ಕಿಂತ ಕೆಳಗಿದ್ದರೆ ಕೊನೆಯ ಬೆಂಚು. ಕಟ್ಟಡಕ್ಕೆ ಸಂಬಂಧಿಸದ ಸೇವೆಯನ್ನು ಲೆಕ್ಕದಿಂದ ಬಿಡಬಹುದು. ಅದು ನ್ಯಾಯ, ಹಾಸನದಲ್ಲಿ ರೂಮ್ ಹೀಟರ್ ಇಲ್ಲ ಅಂತ ಅಂಕ ಕಳೆದರೆ ಹೇಗೆ?

ನಾನು ಐದು ಸಾಲು ಮಾತ್ರ ಇಟ್ಟುಕೊಂಡು ನಮ್ಮ ಮನೆಗೆ ಹೊಂದುವ ಮೆಟ್ಟಿಲು ಮಾಡಿಕೊಂಡೆ. ಬಿಸಿನೀರಿಗೆ: ಕೈಯಿಂದ ಹಾಕಿ ಆರಿಸುವುದು ಸೊನ್ನೆ, ಕಾದ ಮೇಲೆ ತಾನೇ ನಿಲ್ಲುವುದು 1, ಟೈಮರ್ 2, ಸೋಲಾರ್ ಬಂದಾಗ ಕಾಯಿಲ್ ತಾನೇ ಸುಮ್ಮನಾಗುವುದು 3, ಕರೆಂಟಿನ ದರ ನೋಡಿ ಕಾಯಿಸುವುದು 4. ದೀಪ, ಕಿಟಕಿ, ಸಂಗ್ರಹ, ಕಣ್ಗಾವಲು, ಹೀಗೇ. ನಮಗೆ 20ಕ್ಕೆ 4 ಬಂತು. ಮಗಳ ಮನೆಗೆ 11. ನನ್ನ 27 ವರ್ಷದ ನೋಟ್‌ಬುಕ್ಕಿಗೆ ಕಣ್ಗಾವಲಿನ ಸಾಲಿನಲ್ಲಿ ಒಂದೇ ಅಂಕ, ಅದೂ ಅಳಿಯ ಮಾವನ ಮರ್ಯಾದೆಗೆ ಕೊಟ್ಟದ್ದು.

ಒಂದು ವಿಷಯ ಗಮನದಲ್ಲಿರಲಿ: ಈ ಅಂಕ ಕಟ್ಟಡಕ್ಕೆ ಏನು ಮಾಡಲು ಬರುತ್ತದೆ ಅಂತ ಹೇಳುತ್ತದೆ, ಅದು ಎಷ್ಟು ತಿನ್ನುತ್ತದೆ ಅಂತಲ್ಲ. ಜಾಣ ಮಗನೇ ದುಂದುಗಾರನೂ ಆಗಿರಬಹುದು.

ಹಾಗಾಗಿ ಮಳೆ ಸೀಮೆಗೆಂದು ನಾನು ಎರಡು ಪ್ರಶ್ನೆ ಸೇರಿಸಿದ್ದೇನೆ, ಯುರೋಪಿನ ಪಟ್ಟಿಯಲ್ಲಿ ಇದ್ದರೂ ಇರದಿದ್ದರೂ. ನೆಟ್ ಇಲ್ಲದಾಗ ಕೈಯಿಂದ ಕೆಲಸ ಮಾಡುತ್ತದೆಯೇ? ಹೋದ ಕರೆಂಟು ವಾಪಸ್ ಬಂದಾಗ ಉಪಕರಣ ಯಾವ ಸ್ಥಿತಿಯಲ್ಲಿ ಎಚ್ಚರವಾಗುತ್ತದೆ? ಇದರ ಹಿಂದೊಂದು ಕಥೆ ಇದೆ. ಅಳಿಯ ರಜೆಗೆ ಬಂದವನು ಗೀಸರಿಗೂ ಪಡಸಾಲೆ ದೀಪಕ್ಕೂ ವೈಫೈ ಸ್ವಿಚ್ ಹಾಕಿ ಹೋದ. ಆ ಜುಲೈಯಲ್ಲಿ ಮರ ಬಿದ್ದು ಒಂದೂವರೆ ದಿನ ಕರೆಂಟಿಲ್ಲ. ಬಂದದ್ದು ನಡುರಾತ್ರಿ. ವೈಫೈ ಏಳಲಿಲ್ಲ, ಗೀಸರ್ ತಾನಾಗಿ ಎದ್ದಿತು. ಬೆಳಗಿನವರೆಗೆ ಯಾರಿಗೂ ಬೇಡದ ನೀರು ಕಾದು ಕಾದು ನಿಂತಿತು. ನೆಟ್ ಸರಿಯಾದ ಮೇಲೆ ಅಳಿಯ ಐಂಡ್‌ಹೋವನ್‌ನಿಂದ ನಮ್ಮ ಪಡಸಾಲೆ ದೀಪ ಹಚ್ಚಿ ಆರಿಸಿ ತೋರಿಸಿದ. ಅಲ್ಲೇ ಸೋಫಾದಲ್ಲಿ ಕೂತಿದ್ದ ನಮ್ಮತ್ತೆಗೆ ಮಾತ್ರ ಅದನ್ನು ಹಚ್ಚುವುದು ಹೇಗೆಂದು ಗೊತ್ತಿರಲಿಲ್ಲ. ಸ್ವಿಚ್ ಕೊಳ್ಳುವಾಗ 'ಕರೆಂಟ್ ಬಂದ ಮೇಲೆ ಆಫ್ ಆಗಿಯೇ ಇರಲಿ' ಅನ್ನುವ ಆಯ್ಕೆ ಇದೆಯೇ ನೋಡಿ. ಗೋಡೆಯ ಹಳೇ ಗುಂಡಿ ಕಿತ್ತು ಹಾಕಿಸಬೇಡಿ.

ಆಲ್ದೂರಿನ ಹೋಂಸ್ಟೇ

ಅಲ್ಲಿ ಮೆಸ್ಕಾಂ, ನನ್ನ ಸರಹದ್ದಲ್ಲ. ಆದರೂ ಮೀಟರ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಆರು ಕೋಣೆ, 36 ಚದರ, ಅಂದರೆ 334 ಚದರ ಮೀಟರ್. ಹಳೇ ಭಾಗಕ್ಕೆ ಹೆಂಚು, ಹೊಸ ಭಾಗಕ್ಕೆ ಮೋಲ್ಡು. ವರ್ಷಕ್ಕೆ 11,700 ಯೂನಿಟ್. ಜನರೇಟರಿಗೆ 240 ಲೀಟರ್ ಡೀಸೆಲ್, ಲೀಟರಿಗೆ 3 ಯೂನಿಟ್ ಹಿಡಿದರೆ 720. ಒಟ್ಟು ಭಾಗಿಸಿದರೆ ಸುಮಾರು 37.

ಇಲ್ಲಿ ಚದರ ಮೀಟರಿನ ಲೆಕ್ಕ ಅರ್ಧ ಸತ್ಯ. ಮಳೆಗಾಲದ ವಾರದ ದಿನಗಳಲ್ಲಿ ಕೋಣೆ ಖಾಲಿ, ಡಿಸೆಂಬರಿನಲ್ಲಿ ಭರ್ತಿ. ಹೋಂಸ್ಟೇ, ಲಾಡ್ಜು, ಛತ್ರದವರು ಒಬ್ಬ ಅತಿಥಿ ಒಂದು ರಾತ್ರಿಗೆ ಎಷ್ಟು ಅಂತಲೂ ಭಾಗಿಸಬೇಕು. ರಿಜಿಸ್ಟರಿನಲ್ಲಿ 1,900 ತಲೆ-ರಾತ್ರಿ ಇತ್ತು. ಗ್ರಿಡ್ಡಿನ ಕರೆಂಟು ತಲೆಗೆ 6.2 ಯೂನಿಟ್. ಬಕೆಟ್ಟಿಗೆ ಅರ್ಧ ಯೂನಿಟ್ ಅನ್ನುವ ನನ್ನ ಲೆಕ್ಕಕ್ಕೆ ಇದು ಹೊಂದಲಿಲ್ಲ. ಮೇಲಾಗಿ ತಾರಸಿ ಮೇಲೆ ಸೋಲಾರ್ ಬೇರೆ ಇದೆ. "ಭಾವ, ಗೆಸ್ಟುಗಳು ಅರ್ಧ ತಾಸು ಶವರ್ ಕೆಳಗೆ ನಿಲ್ತಾರೆ" ಅಂದ ಷಡ್ಡಕ.

ಒಂದು ಮಂಗಳವಾರ, ಒಬ್ಬ ಅತಿಥಿಯೂ ಇಲ್ಲದಾಗ ದೀಪ ಎಣಿಸಿದೆ. ಓಡುತ್ತಿತ್ತು. 2 ಕಿಲೋವ್ಯಾಟ್ ಚಿಲ್ಲರೆ. ಒಂದೊಂದೇ ಎಂಸಿಬಿ ಇಳಿಸುತ್ತಾ ಹೋದಾಗ ಲಿನನ್ ಇಡುವ ಬೀರುವಿನ ಹಿಂದಿನ ಸಾಲು ಸಿಕ್ಕಿತು. ಸೋಲಾರ್ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್. ಮೋಡದ ದಿನಕ್ಕೆಂದು ಇಟ್ಟದ್ದು, ಅದರ ಸ್ವಿಚ್ಚಿನ ಮುಂದೆ ಯಾರೋ ಬೀರು ನಿಲ್ಲಿಸಿದ್ದರು. ಎಷ್ಟು ವರ್ಷದಿಂದ ಆನ್ ಇತ್ತೋ. ರಾತ್ರಿಯಿಡೀ ಕರೆಂಟೇ ಟ್ಯಾಂಕನ್ನು ಬಿಸಿ ಮಾಡಿಟ್ಟರೆ ಬೆಳಗ್ಗೆ ಸೂರ್ಯನಿಗೆ ಮಾಡಲು ಏನು ಉಳಿಯುತ್ತದೆ? ಬೀರು ಸರಿಸಿ ಟೈಮರ್ ಹಾಕಿಸಿದ ಮೇಲೆ ತಿಂಗಳಿಗೆ 250 ಯೂನಿಟ್ ಇಳಿಯಿತು. ಸೋಲಾರ್ ಹೀಟರ್ ಇರುವವರೆಲ್ಲ ಈ ಲೇಖನ ಮುಗಿಸುವ ಮೊದಲು ಎದ್ದು ಹೋಗಿ ಆ ಸ್ವಿಚ್ ನೋಡಿ ಬನ್ನಿ.

ಮುದ್ರೆ ಬಿದ್ದ ಪತ್ರವೇ ಬೇಕೆಂದರೆ

ಬ್ಯಾಂಕಿಗೋ ಪ್ರಚಾರಕ್ಕೋ ಅಧಿಕೃತ ಕಾಗದ ಬೇಕಾದವರಿಗೆ ದಾರಿ ಹೀಗಿದೆ. 100 ಕಿಲೋವ್ಯಾಟ್ ಸಂಪರ್ಕಿತ ಲೋಡ್ ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ ಇರುವ ದೊಡ್ಡ ಕಟ್ಟಡಗಳು ಇಂಧನ ಸಂರಕ್ಷಣಾ ಕಾಯ್ದೆಯ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ಬರುತ್ತವೆ. ಆ ಮಿತಿಯನ್ನು ಇಳಿಸುವ ಅಧಿಕಾರ ರಾಜ್ಯಕ್ಕಿದೆ. 2022ರ ತಿದ್ದುಪಡಿ ವಾಸದ ಕಟ್ಟಡಗಳನ್ನೂ ಇದರೊಳಗೆ ತಂದಿದೆ. ನಕ್ಷತ್ರ ಕೊಡುವುದು ಬಿಇಇ, ನಮ್ಮ ರಾಜ್ಯದಲ್ಲಿ ಅದರ ಪರವಾಗಿ ಕೆಲಸ ನೋಡುವುದು ಕ್ರೆಡಲ್, ಅಂದರೆ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಮನೆಗಳಿಗೂ ಬಿಇಇ 2019ರಲ್ಲಿ ನಕ್ಷತ್ರದ ಲೇಬಲ್ ಶುರುಮಾಡಿತು. 2,500 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳಿಗೆ, ಹಸಿರು ಕಟ್ಟಡಗಳಿಗೆ ಅಂಕ ಕೊಡುವ 'ಗೃಹ' ಸಂಸ್ಥೆಯ 'ಸ್ವಗೃಹ' ರೇಟಿಂಗ್ ಇದೆ, ಹೋಂಸ್ಟೇಗಳಿಗೆ ನನಗೆ ಅದೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಯಾರಾದರೂ ಬಾಗಿಲಿಗೇ ಬಂದು ಒಂದೇ ದಿನದಲ್ಲಿ ಫ್ರೇಮು ಹಾಕಿದ 'ಗ್ರೀನ್ ಸರ್ಟಿಫಿಕೇಟ್' ಕೊಡುತ್ತೇನೆ ಅಂದರೆ, 12 ತಿಂಗಳ ಬಿಲ್ಲು ಕೇಳಿದರೇ, ಟೇಪು ಹಿಡಿದರೇ ಅಂತ ನೋಡಿ. ಎರಡೂ ಇಲ್ಲದಿದ್ದರೆ ಕಾಫಿ ಕೊಟ್ಟು ಕಳಿಸಿ.

ನಿಮ್ಮ ಸ್ವಂತ ಚೀಟಿಗೆ ಅರ್ಧ ಹಾಳೆ ಸಾಕು. ಮೇಲೆ ಆರ್‌ಆರ್ ನಂಬರ್ ಮತ್ತು ಚದರ ಮೀಟರ್. ಕೆಳಗೆ ವರ್ಷದ ಯೂನಿಟ್, ಭಾಗಿಸಿದ ಸಂಖ್ಯೆ, ಸಿಲಿಂಡರು, ಮಲಗಿದ ಮನೆಯ ವ್ಯಾಟ್, ತೆರೆಯುವ ಕಿಟಕಿಯ ಶೇಕಡಾ, ತಾರಸಿ ಪಾಸೋ ಫೇಲೋ, 20ಕ್ಕೆ ಎಷ್ಟು ಜಾಣ. ಪಕ್ಕದಲ್ಲಿ ಮುಂದಿನ ವರ್ಷಕ್ಕೆ ಖಾಲಿ ಕಾಲಂ. ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ, ಓದಲು ಬಂದ ಹುಡುಗನೂ ನೋಡಲಿ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಮೊದಲ ಆಷಾಢಕ್ಕೇ ಹರಡಿಹೋಗುತ್ತದೆ.